ಚಿತ್ರ ನೋಡುವುದಕ್ಕೂ ಒಂದು ಅಭ್ಯಾಸ ಬೇಕು

‘ಕಲೆ, ಚಿತ್ರಕಲೆ ಅಂತೆಲ್ಲ ನಮಗೆಲ್ಲಿ ಅರ್ಥವಾಗುತ್ತೆ ಬಿಡಿ, ಅದೆಲ್ಲ ಓದಿದವರಿಗೆ’ ಎನ್ನುವ ಗೃಹಿಣಿಯರೇ ಹೆಚ್ಚು. ಆದರೆ ಸೋದರಿಯರೇ, ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದರೆ ಬೀದಿಯ ಆಚೆಯಿಂದಲೇ ಗುರುತಿಸುವ ಕಣ್ಣು ನಿಮ್ಮದು. ಸೀರೆಯ ಒಡಲಿಗೆ ಈ ಅಂಚು ಒಪ್ಪುವುದಿಲ್ಲ ಎಂದು ಅಂಗಡಿಯವನಿಗೇ ಹೇಳುವವರು ನೀವು. ಅಂಥ ಕಣ್ಣಿಗೆ ಚಿತ್ರ ಅರ್ಥವಾಗದೆ ಇದ್ದೀತೇ? ಬೇಕಾದದ್ದು ಸ್ವಲ್ಪ ಬಿಡುವು, ಸ್ವಲ್ಪ ಅಭ್ಯಾಸ. ಖರ್ಚಂತೂ ಇಲ್ಲ.

ಮೊದಲ ಪಾಠ ಮನೆಯ ಗೋಡೆಯಲ್ಲೇ

ನಿಮ್ಮ ಮನೆಯಲ್ಲೋ ತವರಿನಲ್ಲೋ ತಾವರೆಯ ಮೇಲೆ ನಿಂತ ಲಕ್ಷ್ಮಿಯ ಹಳೆಯ ಪಟ ಇರಬಹುದು. ಪಕ್ಕದಲ್ಲಿ ಆನೆ, ಸುತ್ತ ನೀರು. ಈ ಬಗೆಯ ಪಟಗಳಿಗೆ ಮೂಲ ರಾಜಾ ರವಿವರ್ಮ (1848–1906). ಕೇರಳದ ಕಿಳಿಮಾನೂರಿನ ಈ ಕಲಾವಿದರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭಿಸಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದು ಅಚ್ಚೊತ್ತಿದರೆ ಪಟ ಸಿದ್ಧ. ಅರಮನೆಯ ಗೋಡೆಗೆ ಮಾತ್ರ ಸಿಗುತ್ತಿದ್ದ ಚಿತ್ರ ಹೀಗೆ ಬಡವರ ಮನೆಯ ಮೊಳೆಗೂ ಬಂತು.

ಕೈ ಮುಗಿದಾದ ಮೇಲೆ ಐದು ನಿಮಿಷ ಆ ಪಟವನ್ನು ಸುಮ್ಮನೆ ನೋಡಿ. ಬೆಳಕು ಯಾವ ಕಡೆಯಿಂದ ಬಿದ್ದಿದೆ? ಸೀರೆಯ ನೆರಿಗೆಯಲ್ಲಿ ನೆರಳು ಎಲ್ಲಿದೆ? ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಮುಖಕ್ಕೋ ಕೈಗೋ? ಈ ಮೂರು ಪ್ರಶ್ನೆ ಸಾಕು, ಯಾವ ಚಿತ್ರಕ್ಕಾದರೂ.

ಅದರ ಪಕ್ಕದಲ್ಲಿ ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರವೊಂದನ್ನು, ಪುಸ್ತಕದಲ್ಲಿದ್ದರೂ ಸರಿ, ಇಟ್ಟು ನೋಡಿ. ಅಲ್ಲಿ ನೆರಳು ಬೆಳಕಿನ ಆಟ ಕಡಿಮೆ, ರೇಖೆಯೇ ಮುಖ್ಯ. ಒಡವೆ, ಪ್ರಭಾವಳಿಗಳನ್ನು ತೆಳುವಾಗಿ ಉಬ್ಬಿಸಿ ಚಿನ್ನದ ರೇಕು ಅಂಟಿಸಿರುತ್ತಾರೆ. ತಂಜಾವೂರಿನದಾದರೆ ಉಬ್ಬು ಜಾಸ್ತಿ, ಕಲ್ಲುಗಳೂ ಇರುತ್ತವೆ. ಎರಡು ಚಿತ್ರಗಳನ್ನು ಹೋಲಿಸಿ ನೋಡಿದವರಿಗೆ ಮೂರನೆಯದು ತಾನೇ ಬಾಯಿ ಬಿಡುತ್ತದೆ!

ಹೆಸರು ಓದುವುದನ್ನು ಮರೆಯಬೇಡಿ

ಕೈಯಲ್ಲಿ ದೀಪ ಹಿಡಿದು, ಇನ್ನೊಂದು ಕೈಯನ್ನು ಮರೆಮಾಡಿ ನಿಂತ ಹೆಣ್ಣಿನ ಚಿತ್ರ ನೋಡಿದ್ದೀರಲ್ಲ? ಬೆರಳ ಸಂದಿಯಿಂದ ಬೆಳಕು ಕೆಂಪಗೆ ಸೋರುತ್ತದೆ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದ ಪ್ರಸಿದ್ಧ ಚಿತ್ರ ಅದು. ಬಹಳ ಜನ ಅದನ್ನು ರವಿವರ್ಮರದೆಂದೇ ಹೇಳುತ್ತಾರೆ. ಅಲ್ಲ. ಅದನ್ನು ಬರೆದವರು ಸಾವಂತವಾಡಿಯ ಎಸ್. ಎಲ್. ಹಳದಣಕರ್, ಅದೂ ಎಣ್ಣೆಬಣ್ಣದಲ್ಲಲ್ಲ, ಜಲವರ್ಣದಲ್ಲಿ. ಚಿತ್ರ ಮೆಚ್ಚಿ ಹೊಗಳಿದರೂ ಹೊಗಳಿಕೆ ಇನ್ನೊಬ್ಬರ ಪಾಲಾದರೆ ಹೇಗೆ? ಆದ್ದರಿಂದ ಚಿತ್ರದ ಕೆಳಗಿನ ಚೀಟಿ ಓದುವ ರೂಢಿ ಮಾಡಿಕೊಳ್ಳಿ: ಯಾರು, ಯಾವಾಗ, ಯಾವುದರಿಂದ.

ಮೈಸೂರಿಗೋ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ, 2009ರಲ್ಲಿ ಅರಮನೆ ರಸ್ತೆಯಲ್ಲಿ ಆರಂಭವಾದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೋ ಹೋದಾಗ (ತೆರೆದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ) ಎಲ್ಲವನ್ನೂ ನೋಡಿ ಮುಗಿಸುವ ಆತುರ ಬೇಡ. ಹಬ್ಬದೂಟದಲ್ಲಿ ಎಲ್ಲವನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಯಾವುದರ ರುಚಿಯೂ ತಿಳಿಯದು. ಮೂರು ಚಿತ್ರ ಆರಿಸಿಕೊಂಡು ಅವುಗಳ ಮುಂದೆ ನಿಲ್ಲಿ. ಅರ್ಥವಾಗದ್ದು ಸಿಕ್ಕರೆ ‘ಇದೇನು ಗೀಚು’ ಎನ್ನುವ ಮೊದಲು, ಅದರಲ್ಲಿರುವ ಬಣ್ಣಗಳನ್ನಾದರೂ ಎಣಿಸಿ ಬನ್ನಿ. ಮಕ್ಕಳಿದ್ದರೆ ‘ಇದರಲ್ಲಿ ನಿನಗೇನು ಕಾಣುತ್ತೆ?’ ಎಂದು ಕೇಳಿ, ಉತ್ತರ ತಿದ್ದಬೇಡಿ.

ದೇವಸ್ಥಾನಕ್ಕೆ ಹೋದಾಗ

ಬೇಲೂರಿಗೆ ಹೋದವರು ಗರ್ಭಗುಡಿಗೆ ಓಡುವ ಮುನ್ನ ಸೂರಿನ ಕೆಳಗೆ ಕತ್ತೆತ್ತಿ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಈ ಗುಡಿಯ ಮದನಿಕೆಯರು ಅಲ್ಲಿದ್ದಾರೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಬಿಟ್ಟಮೇಲೆ ಗಟ್ಟಿ. ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ ಸಾಧ್ಯವಾಯಿತು. ಡಾಬು, ಬಳೆ, ತುರುಬಿನ ಕಟ್ಟು – ಇವನ್ನು ಗುರುತಿಸುವುದರಲ್ಲಿ ನಿಮ್ಮನ್ನು ಮೀರಿಸುವವರು ಯಾರು? ಕೆಲವು ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರನ್ನೇ ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜನ ಹೆಸರು ಒಂಬೈನೂರು ವರ್ಷದ ನಂತರವೂ ನಮಗೆ ಗೊತ್ತು, ಅವನು ಬರೆದಿಟ್ಟದ್ದರಿಂದ.

ಹೆಸರಿಲ್ಲದ ಕಲಾವಿದೆಯರು

ಈಗ ಇನ್ನೊಂದು ಕಡೆ ನೋಡಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ಪುಂಡಿನಾರಿನ ಕುಂಚದಿಂದ ಹಸೆ ಚಿತ್ತಾರ ಬರೆಯುತ್ತಾ ಬಂದರು. ಧಾರವಾಡದ ಕಡೆಯವರು ಬಟ್ಟೆಯ ಎಳೆ ಎಣಿಸಿ ಕಸೂತಿ ಹಾಕಿದರು. ಗವಂತಿ, ಮುರಗಿ ಹೊಲಿಗೆಯಲ್ಲಿ ಗಂಟೇ ಇಲ್ಲ, ಹಿಂದೆ ಮುಂದೆ ಎರಡೂ ಕಡೆ ಒಂದೇ ಅಂದ. ಇವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು? ಮನೆ ಹೊಸದಾಗಿ ಕಟ್ಟಿಸಿದಾಗ ಗೋಡೆ ಹೋಯಿತು. ಕಸೂತಿಯ ಸೀರೆ ಪಾತ್ರೆಯವನ ಪಾಲಾಯಿತು. ಮಾಡಿದಾಕೆಯ ನೆನಪೂ ಅದರ ಜೊತೆಗೇ ಹೋಯಿತು.

ಆದ್ದರಿಂದ ಈ ಹದಿನೈದು ದಿನದಲ್ಲಿ ಒಂದು ಕೆಲಸ ಮಾಡಿ. ಪೆಟ್ಟಿಗೆ ತೆಗೆದು ಅತ್ತೆಯವರೋ ಅಜ್ಜಿಯೋ ಮಾಡಿದ ಕಸೂತಿ, ಮಣಿಯ ತೋರಣ, ಹಳೆಯ ಪಟ ಏನಿದೆ ನೋಡಿ. ಪಟದ ಗಾಜನ್ನು ಒಣಬಟ್ಟೆಯಿಂದ ಮಾತ್ರ ಒರೆಸಿ, ಬಿಸಿಲು ಬೀಳದ ಕಡೆ ಇಡಿ. ಹಿರಿಯರಿದ್ದರೆ ಈಗಲೇ ಕೇಳಿ: ಯಾರು ಮಾಡಿದ್ದು, ಯಾವ ಊರಲ್ಲಿ, ಸುಮಾರು ಯಾವಾಗ? ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ. ನೀವು ಮಾಡಿದ್ದೇನಾದರೂ ಇದ್ದರೆ ಸಂಕೋಚ ಬೇಡ, ನಿಮ್ಮ ಹೆಸರನ್ನೂ ಬರೆಯಿರಿ.