ಮನೆವಾರ್ತೆ: ಚಳಿಗೆ ಏಳದ ಟ್ರಾಕ್ಟರು

ಮನೆವಾರ್ತೆಯೆಂದರೆ ಅಡಿಗೆಮನೆ ಉಗ್ರಾಣಗಳ ಮಾತಷ್ಟೇ ಎಂದು ವಾಚಕರು ತಿಳಿಯಬಾರದು. ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಹಿಂದೆ ಎತ್ತುಗಳನ್ನು ಕಟ್ಟುತ್ತಿದ್ದ ಎಷ್ಟೋ ಕೊಟ್ಟಿಗೆಗಳಲ್ಲಿ ಈಗ ಟ್ರಾಕ್ಟರು ನಿಂತಿದೆ. ಎತ್ತು ಮೇವು ಬಿಟ್ಟಿತೆಂದರೆ ಮನೆಮಂದಿಯೆಲ್ಲ ಹೇಗೆ ಚಿಂತಿಸುತ್ತಿದ್ದರೋ ಹಾಗೆಯೇ ಪುಷ್ಯಮಾಸದ ಬೆಳಗಿನಲ್ಲಿ ಟ್ರಾಕ್ಟರು ಏಳದಿದ್ದರೂ ಚಿಂತಿಸುವುದುಂಟು. ಆದಕಾರಣ ಈ ತಿಂಗಳು ಆ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಕೆಲವು ವರ್ಷಗಳ ಹಿಂದೆ ಕಂಪ್ಲಿಯ ಸಮೀಪದ ಒಂದು ಹಳ್ಳಿಯಲ್ಲಿ, ನಮ್ಮ ಬಂಧುಗಳ ಮನೆಯಲ್ಲಿ, ನಡೆದ ಸಂಗತಿಯಿದು. ನಾಲೆಯಲ್ಲಿ ಎರಡನೆಯ ಬೆಳೆಗೆ ನೀರು ಬಂದಿತ್ತು. ಗದ್ದೆಯನ್ನು ಕೆಸರುಮಾಡಿ ನಾಟಿಗೆ ಸಿದ್ಧಗೊಳಿಸಬೇಕಾಗಿತ್ತು. ನಾಟಿಯ ಹೆಂಗಸರಿಗೆ ಬರಹೇಳಿಯೂ ಆಗಿತ್ತು. ನಸುಕಿನಲ್ಲಿ ಮನೆಯ ಕಿರಿಯ ಮಗನು ಟ್ರಾಕ್ಟರನ್ನು ಏರಿ ಬೀಗದ ಕೈ ತಿರುಗಿಸಿದನು. ದೀಪವೇನೋ ಪ್ರಕಾಶವಾಗಿ ಉರಿಯಿತು. ಎಂಜಿನಿನಿಂದ ಒಂದು ಸದ್ದೂ ಹೊರಡಲಿಲ್ಲ. "ಚಳಿಗೆ ಹಿಡಕೊಂಡೈತಿ" ಎಂದು ಅವನು ಕೆಳಗಿಳಿದು, ಎಲ್ಲಿಯೋ ನೋಡಿ ಕಲಿತಿದ್ದ ಉಪಾಯದಂತೆ, ಸ್ಟಾರ್ಟರಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರನ್ನು ಅಡ್ಡಲಾಗಿ ಒತ್ತಿದನು. ಎಂಜಿನು ಎದ್ದಿತು, ಎದ್ದೊಡನೆಯೇ ಗಾಡಿ ಮುಂದಕ್ಕೆ ನೆಗೆಯಿತು. ಹಿಂದಿನ ದೊಡ್ಡ ಗಾಲಿ ಅವನ ಪಾದದಿಂದ ಒಂದು ಗೇಣು ದೂರದಲ್ಲಿ ಉರುಳಿ, ಗೋದಲಿಯ ಗೋಡೆಗೆ ಬಡಿದು ನಿಂತಿತು.

ಆದದ್ದೇನು? ಹಿಂದಿನ ರಾತ್ರಿ ಗಾಡಿಯನ್ನು ಗೇರಿನಲ್ಲಿಯೇ ಬಿಟ್ಟಿದ್ದರು. ಗೇರು ತಟಸ್ಥವಾಗಿಲ್ಲದಿದ್ದರೆ ಸ್ಟಾರ್ಟರು ತಿರುಗಬಾರದೆಂದು ತಯಾರಕರು ಒಂದು ರಕ್ಷಣೆಯ ಸ್ವಿಚ್ಚನ್ನು ಇಟ್ಟಿರುತ್ತಾರೆ. ಅದು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಹುಡುಗನು ಅಪವಾದವನ್ನು ಚಳಿಯ ಮೇಲೆ ಹೊರಿಸಿ, ತನ್ನ ಕಾವಲುಗಾರನನ್ನು ತಾನೇ ಬದಿಗೆ ತಳ್ಳಿದ್ದನು. ಅವನ ಅಜ್ಜಿ ಹೊರಗೆ ಬಂದು, ಬಹಳ ಹೊತ್ತು ಮಾತಿಲ್ಲದೆ ನಿಂತು, "ತಮ್ಮಾ, ಗದ್ದಿ ನಾಳಿಗೂ ಇರತೈತಿ" ಎಂದಳಂತೆ.

ಹಾಗಾದರೆ ಚಳಿಯ ಪಾಲು ಏನೂ ಇಲ್ಲವೇ? ಇದೆ, ಅದನ್ನು ಅರಿಯಬೇಕಾದರೆ ಡೀಸೆಲ್ ಎಂಜಿನಿನ ಗುಟ್ಟನ್ನು ತಿಳಿಯಬೇಕು. ಬೈಸಿಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬವರು 1897ರಲ್ಲಿ ಆಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದ ಯಂತ್ರವು ಈ ತತ್ತ್ವವನ್ನೇ ಆಶ್ರಯಿಸಿದೆ. ಇದರಲ್ಲಿ ಕಿಡಿಯಿಲ್ಲ. ಟ್ರಾಕ್ಟರಿನ ಸಿಲಿಂಡರಿನೊಳಗಿನ ಗಾಳಿಯನ್ನು ಸುಮಾರು ಹದಿನಾರರಲ್ಲಿ ಒಂದು ಭಾಗಕ್ಕೆ ಅದುಮಿದಾಗ ಅದರ ಶಾಖವು 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಬಿಸಿಗೆ ಸಿಂಪಡಿಸಿದ ಡೀಸೆಲ್ಲು ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನು ನಿಧಾನವಾಗಿ ತಿರುಗಿದರೆ ಈ ಶಾಖವು ತಣ್ಣನೆಯ ಕಬ್ಬಿಣಕ್ಕೆ ಸೋರಿಹೋಗುತ್ತದೆ. ಚಳಿಯಲ್ಲಿ ಎಣ್ಣೆ ಮಂದವಾಗುವುದು, ಬ್ಯಾಟರಿಯ ಬಲ ಕುಂದುವುದು. ಎರಡೂ ಸೇರಿ ತಿರುಗಾಟವನ್ನು ನಿಧಾನಗೊಳಿಸುವುವು.

ಆದರೂ ನಮ್ಮ ಸೀಮೆಯ ಚಳಿ ಎಷ್ಟರದು? ಲಡಾಖಿನಲ್ಲಿ ಡೀಸೆಲ್ಲಿನೊಳಗಿನ ಮೇಣವೇ ಗಟ್ಟಿಯಾಗುವುದರಿಂದ, ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ಬೇರೆಯ ಡೀಸೆಲ್ಲನ್ನು 2019ರಲ್ಲಿ ಅಲ್ಲಿಗೆ ಒದಗಿಸಬೇಕಾಯಿತು. ಹೊಸಪೇಟೆಯ ಬೆಳಗು 15 ಡಿಗ್ರಿಯ ಆಸುಪಾಸಿಗೆ ಇಳಿದರೆ ನಾವು ಕಂಬಳಿ ಹೊದೆಯುತ್ತೇವೆ. ಸ್ವಸ್ಥವಾದ ಎಂಜಿನಿಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಚಳಿಯು ದೋಷವನ್ನು ಹುಟ್ಟಿಸುವುದಿಲ್ಲ, ಮೊದಲೇ ಇದ್ದ ದೋಷವನ್ನು ಬಯಲಿಗೆ ತರುತ್ತದೆ. ಅದನ್ನು ಕ್ರಮವಾಗಿ ಹುಡುಕುವ ಬಗೆ ಹೀಗೆ:

ಮೊದಲನೆಯದಾಗಿ, ಕಿವಿಗೊಡಿರಿ. ದೀಪ ಚೆನ್ನಾಗಿ ಉರಿದು ಎಂಜಿನು ಸ್ತಬ್ಧವಾಗಿದ್ದರೆ ಗೇರು ತಟಸ್ಥವಾಗಿದೆಯೇ, ಕ್ಲಚ್ಚನ್ನು ಪೂರ್ತಿ ಒತ್ತಿದೆಯೇ, ಪಿ.ಟಿ.ಓ. ಹಿಡಿ ಬಿಟ್ಟಿದೆಯೇ ಎಂದು ನೋಡಿರಿ. ದೀಪ ಮಂಕಾಗಿ "ಟಕ್ ಟಕ್" ಎಂಬ ಸದ್ದಷ್ಟೇ ಬಂದರೆ ತಪ್ಪು ಬ್ಯಾಟರಿಯದು ಅಥವಾ ಅದರ ತಂತಿಗಳದು. ಪೂರ್ಣವಾಗಿ ತುಂಬಿದ ಬ್ಯಾಟರಿಯು ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟು ತೋರಿಸಬೇಕು. ಕೊನೆಗಳಲ್ಲಿ ಬೆಳ್ಳಗೆ ಹಸುರಾಗಿ ಬೂಷ್ಟು ಕಟ್ಟಿದ್ದರೆ, ಮೊದಲು ಋಣದ ತಂತಿಯನ್ನು, ಆಮೇಲೆ ಧನದ ತಂತಿಯನ್ನು ಬಿಚ್ಚಿ, ಅಡಿಗೆ ಸೋಡಾ ಕಲಸಿದ ಬೆಚ್ಚನೆಯ ನೀರಿನಿಂದ ತೊಳೆದು, ಒರಸಿ, ಬಿಗಿಯಾಗಿ ಕಟ್ಟಿ, ವ್ಯಾಸಲೀನು ಸವರತಕ್ಕದ್ದು. ಸೋಡಾನೀರು ಬ್ಯಾಟರಿಯ ಒಳಕ್ಕೆ ಹೋಗದಂತೆ ಮುಚ್ಚಳಗಳು ಭದ್ರವಾಗಿರಲಿ. ತಿರುಗಿ ಜೋಡಿಸುವಾಗ ಋಣದ ತಂತಿ ಕೊನೆಯದು.

ಎರಡನೆಯದಾಗಿ, ಎಂಜಿನು ಚುರುಕಾಗಿ ತಿರುಗಿಯೂ ಏಳದಿದ್ದರೆ ಹೊಗೆಕೊಳವೆಯ ಕಡೆ ನೋಡಿರಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ಲು ಒಳಕ್ಕೆ ತಲಪುತ್ತಿಲ್ಲ: ನಿಲ್ಲಿಸುವ ಗುಂಡಿ ಹೊರಕ್ಕೆಳೆದಂತೆಯೇ ಉಳಿದಿರಬಹುದು, ಟ್ಯಾಂಕಿನ ನಲ್ಲಿ ಮುಚ್ಚಿರಬಹುದು, ಫಿಲ್ಟರಿನಲ್ಲಿ ನೀರೋ ಕಸವೋ ಇರಬಹುದು, ಕೊಳವೆಯೊಳಗೆ ಗಾಳಿ ಸೇರಿರಬಹುದು. ಹಳೆಯ ಮಾದರಿಯ ಗಾಡಿಯಲ್ಲಿ ಫಿಲ್ಟರಿನ ಮೇಲಣ ತಿರುಪನ್ನು ಸಡಿಲಿಸಿ, ಕೈಪಂಪನ್ನು ಒತ್ತುತ್ತ, ಗುಳ್ಳೆಗಳು ನಿಂತು ಬರಿಯ ಡೀಸೆಲ್ಲು ಬರುವ ತನಕ ಕಾದು ಬಿಗಿಮಾಡಬೇಕು. ಆದರೆ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಗಾಡಿಗಳಿಗೆ 2023ರ ಜನವರಿಯಿಂದ ಹೊಗೆಯ ಕಟ್ಟಳೆ ಬಿಗಿಯಾದ ಮೇಲೆ, ವಿದ್ಯುನ್ಮಾನದಿಂದ ನಡೆಯುವ ಇಂಧನವ್ಯವಸ್ಥೆ ಅವುಗಳಲ್ಲಿ ಬಂದಿದೆ. ಅಂಥವುಗಳ ಕೊಳವೆಗಳನ್ನು ಮನೆಯಲ್ಲಿ ಸಡಿಲಿಸುವುದು ಸರ್ವಥಾ ಸಲ್ಲದು. ಆ ಒತ್ತಡದ ಎಣ್ಣೆ ಚರ್ಮವನ್ನೇ ತೂರಬಲ್ಲುದು.

ಬಿಳಿಯ ಹೊಗೆ ಬರುತ್ತಿದ್ದರೆ ಡೀಸೆಲ್ಲು ಬಂದಿದೆ, ಹೊತ್ತಲು ಶಾಖ ಸಾಲದೆಂದು ಅರ್ಥ. ಕಾಯಿಸುವ ಸಾಧನವುಳ್ಳ ಗಾಡಿಯಾದರೆ ಕೈಪಿಡಿಯಲ್ಲಿ ಹೇಳಿರುವಷ್ಟು ಸೆಕೆಂಡು ಅದನ್ನು ಕಾಯಿಸಿ ಪ್ರಯತ್ನಿಸಿರಿ. ಆಗಲೂ ಏಳದೆ ಪ್ರತಿದಿನವೂ ಇದೇ ಪಾಡಾದರೆ ಒಳಗಿನ ಉಂಗುರಗಳು ಸವೆದಿರಬಹುದು. ಸಂಡೂರಿನ ಅದಿರುದಾರಿಗಳ ಕೆಂಧೂಳಿನಲ್ಲಿ ಓಡಾಡುವ ಗಾಡಿಗಳ ಯಜಮಾನರು ಗಾಳಿಶೋಧಕವನ್ನು ಹೆಚ್ಚು ಸಾರಿ ಶುಚಿಮಾಡಿಸಬೇಕು. ಒಳಹೊಕ್ಕ ಧೂಳು ಉಂಗುರಗಳನ್ನು ತೇಯುತ್ತದೆ. ಉಂಗುರ ಸವೆದರೆ ಅದುಮಿದ ಗಾಳಿ ಸೋರುತ್ತದೆ. ಗಾಳಿ ಸೋರಿದರೆ ಶಾಖ ಹುಟ್ಟದು. ಬೇಸಗೆಯಲ್ಲಿ ಅಡಗಿದ್ದ ಈ ರೋಗ ಪುಷ್ಯದಲ್ಲಿ ತಲೆಯೆತ್ತುತ್ತದೆ.

ಸ್ಟಾರ್ಟರನ್ನು ಒಂದು ಸಾರಿಗೆ ಹತ್ತು ಹದಿನೈದು ಸೆಕೆಂಡುಗಳಿಗಿಂತ ಹೆಚ್ಚಾಗಿ ತಿರುಗಿಸದೆ, ನಡುವೆ ಒಂದು ನಿಮಿಷ ಬಿಡುವು ಕೊಡಿರಿ. ಕ್ಲಚ್ಚನ್ನು ಒತ್ತಿ ಹಿಡಿದರೆ ಗೇರುಪೆಟ್ಟಿಗೆಯ ಮಂದವಾದ ಎಣ್ಣೆಯನ್ನು ಕಲಕುವ ಭಾರ ತಪ್ಪುತ್ತದೆ. ಸಂಜೆಯೇ ಟ್ಯಾಂಕನ್ನು ತುಂಬಿಸಿಟ್ಟರೆ ರಾತ್ರಿ ಅದರೊಳಗೆ ಇಬ್ಬನಿಗಟ್ಟಿ ನೀರು ಸೇರುವುದು ಕಡಮೆಯಾಗುತ್ತದೆ.

ಇನ್ನು ಮಾಡಬಾರದವು. ಎಣ್ಣೆತೊಟ್ಟಿಯ ಕೆಳಗೆ ಬೆಂಕಿ ಹಾಕಬಾರದು. ಕಾಯಿಸುವ ಸಾಧನವಿರುವ ಎಂಜಿನಿಗೆ ಈಥರು ಸಿಂಪಡಿಸಬಾರದು. ಅದು ಕಾಲವಲ್ಲದ ಕಾಲದಲ್ಲಿ ಸಿಡಿದು ಎಂಜಿನನ್ನೂ ಮನುಷ್ಯನನ್ನೂ ಕೆಡಿಸೀತು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಓಡಿಸುತ್ತ ನಿಲ್ಲಬಾರದು. ಅದರ ಹೊಗೆಯಲ್ಲಿ ವಿಷವಾಯುವಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನೆಲದ ಮೇಲೆ ನಿಂತು ಸ್ಟಾರ್ಟರನ್ನು ಎಂದಿಗೂ ಕೂಡಿಸಬಾರದು. ಟ್ರಾಕ್ಟರನ್ನು ಎಬ್ಬಿಸುವ ಸ್ಥಳ ಅದರ ಪೀಠವೊಂದೇ.

ಒಂದು ಬೆಳಗಿನ ಕೆಲಸ ತಪ್ಪಿದರೆ ನಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. ನಾಲೆಯ ನೀರಿಗೆ ಸರದಿಯುಂಟು, ಆಳಿಗೆ ಕೂಲಿಯುಂಟು. ಆದರೆ ಆ ನಷ್ಟವನ್ನು ಮುಂದಿನ ಬೆಳೆಯಲ್ಲಿ ತುಂಬಿಕೊಳ್ಳಬಹುದು. ನಮ್ಮ ಬಂಧುಗಳ ಮನೆಯಲ್ಲಿ ಆ ಸ್ಕ್ರೂಡ್ರೈವರು ಈಗ ಅಜ್ಜಿಯ ಪೆಟ್ಟಿಗೆಯಲ್ಲಿದೆ. ಬೇಕಾದವರು ಅವಳ ಬಳಿಗೆ ಹೋಗಿ, ಏತಕ್ಕೆಂದು ಹೇಳಿ, ಪಡೆಯಬೇಕು. ಕಾರಣ ಸರಿಯೆನಿಸಿದರೆ ಕೊಡುತ್ತಾಳೆ.