ಸಿಎಫ್‌ಎಂ ಒಂದನ್ನೇ ನೋಡಿ ಡ್ರೈಯರ್ ಆರಿಸಬೇಡಿ

2023ರ ಮಾರ್ಚ್‌ನಲ್ಲಿ ಮೆಟ್ರೊ ಬಂದ ಮೇಲೆ ಗರುಡಾಚಾರ್‌ಪಾಳ್ಯ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ವೈಟ್‌ಫೀಲ್ಡ್ ದಾರಿಯ ಒಂದು ಸ್ಟೇಷನ್, ಅಷ್ಟೇ. ಆದರೆ ಪಕ್ಕದಲ್ಲೇ ಮಹದೇವಪುರ ಕೈಗಾರಿಕಾ ಪ್ರದೇಶ ಇದೆ. ಇಂಥ ಕಡೆ ಶೀಟ್ ಚಾವಣಿಯ ಶೆಡ್‌ನಲ್ಲಿ ಸಿಎನ್‌ಸಿ ಮಷೀನೋ ಪೌಡರ್ ಕೋಟಿಂಗೋ ನಡೀಬೇಕು ಅಂದ್ರೆ ಒಣ ಗಾಳಿ ಬೇಕು. ಕಂಪ್ರೆಸರ್ ಗಾಳಿಯಲ್ಲಿ ನೀರು ಉಳಿದರೆ ವಾಲ್ವ್ ತುಕ್ಕು ಹಿಡಿಯುತ್ತೆ, ಕೋಟಿಂಗ್ ಕೆಡುತ್ತೆ, ಮಾಲು ವಾಪಸ್ ಬರುತ್ತೆ. ಸಣ್ಣ ಮಾಲೀಕರಿಗೆ ಇದು ದೊಡ್ಡ ಪೆಟ್ಟು.

ರೆಫ್ರಿಜರೇಟೆಡ್ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸಿ ನೀರನ್ನು ಹೊರಹಾಕುತ್ತೆ. '100 ಸಿಎಫ್‌ಎಂ ಕಂಪ್ರೆಸರ್‌ಗೆ 100 ಸಿಎಫ್‌ಎಂ ಡ್ರೈಯರ್' ಅನ್ನೋ ಲೆಕ್ಕ ಸಾಲದು ಎಂಬುದು ನಮ್ಮ ವಾದ.

ಯಾಕೆಂದರೆ ಆ 100 ಸಾಮಾನ್ಯವಾಗಿ ಒಳಬರುವ ಗಾಳಿ 35 ಡಿಗ್ರಿ, ಸುತ್ತಲಿನ ತಾಪ 25 ಡಿಗ್ರಿ, ಒತ್ತಡ 7 ಬಾರ್ ಇದ್ದಾಗಿನ ಸಾಮರ್ಥ್ಯ. ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊರಗಿನ ತಾಪವೇ 35 ಮುಟ್ಟುತ್ತೆ, ಶೀಟಿನ ಕೆಳಗೆ ಕೇಳೋದೇ ಬೇಡ. ಆಫ್ಟರ್‌ಕೂಲರ್ ದಾಟಿದ ಗಾಳಿ ಅದಕ್ಕಿಂತ ಸುಮಾರು 10 ಡಿಗ್ರಿ ಹೆಚ್ಚು ಬಿಸಿ. ಒಂದು ಘನ ಮೀಟರ್ ಸಂತೃಪ್ತ ಗಾಳಿಯಲ್ಲಿ 35 ಡಿಗ್ರಿಗೆ ಸುಮಾರು 40 ಗ್ರಾಂ ನೀರಾವಿ ಇದ್ದರೆ, 45 ಡಿಗ್ರಿಗೆ 65 ಗ್ರಾಂ! ಅದೇ ಡ್ರೈಯರ್‌ಗೆ ಒಂದೂವರೆ ಪಟ್ಟಿಗಿಂತ ಹೆಚ್ಚು ನೀರು.

ಇದಕ್ಕೇ ಕ್ಯಾಟಲಾಗ್‌ನಲ್ಲಿ ಕರೆಕ್ಷನ್ ಫ್ಯಾಕ್ಟರ್ ಕೊಟ್ಟಿರ್ತಾರೆ. ಉದಾಹರಣೆಗೆ ಒಳಗಾಳಿಗೆ 0.65, ಸುತ್ತಲಿನ ತಾಪಕ್ಕೆ 0.85 ಅಂತಿದ್ದರೆ ಎರಡನ್ನೂ ಗುಣಿಸಿ, 100ನ್ನು ಅದರಿಂದ ಭಾಗಿಸಿ. ಬೇಕಾಗೋದು ಸುಮಾರು 180 ಸಿಎಫ್‌ಎಂ ಡ್ರೈಯರ್.

'ಹಾಗಾದ್ರೆ ಮೈನಸ್ 40ರ ಡೆಸಿಕಂಟ್ ಡ್ರೈಯರನ್ನೇ ಹಾಕಿಬಿಡೋಣ' ಅನ್ನೋರಿದ್ದಾರೆ. ಕೆಲವು ಔಷಧ, ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಅದು ಬೇಕೇ ಬೇಕು. ಆದರೆ ಬೆಂಗಳೂರಿನ ದಾಖಲೆಯ ಕನಿಷ್ಠ ತಾಪವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಡ್ಯೂ ಪಾಯಿಂಟ್ 3 ಡಿಗ್ರಿ ಇದ್ದರೆ ಇಲ್ಲಿನ ಪೈಪಿನಲ್ಲಿ ನೀರು ಇಳಿಯೋದಿಲ್ಲ. ಹೀಟರ್ ಇಲ್ಲದ ಡೆಸಿಕಂಟ್ ಡ್ರೈಯರ್ ತನ್ನನ್ನು ಒಣಗಿಸಿಕೊಳ್ಳೋಕೇ ಸುಮಾರು ಶೇ. 15ರಷ್ಟು ಗಾಳಿ ತಿನ್ನುತ್ತೆ. ಆ ಕರೆಂಟ್ ಬಿಲ್ ಪ್ರತಿ ತಿಂಗಳೂ ಕಟ್ಟಬೇಕಲ್ವಾ?

ದೊಡ್ಡ ಡ್ರೈಯರ್‌ಗೆ ದುಡ್ಡು ಜಾಸ್ತಿ, ನಿಜ. ಅದಕ್ಕೇ ಮೊದಲು ಖರ್ಚಿಲ್ಲದ ಕೆಲಸ ಮಾಡೋಣ: ಡ್ರೈಯರನ್ನು ಗಾಳಿಯಾಡುವ ಜಾಗದಲ್ಲಿಡೋದು, ಕಂಡೆನ್ಸರ್ ಧೂಳು ಒರೆಸೋದು, ಡ್ರೇನ್ ಕೆಲಸ ಮಾಡ್ತಿದೆಯಾ ಅಂತ ನೋಡೋದು.

ಥರ್ಮೊಡೈನಾಮಿಕ್ಸ್‌ನಲ್ಲಿ ಡ್ಯೂ ಪಾಯಿಂಟ್ ಲೆಕ್ಕ ಬಿಡಿಸಿದವರು ನಾವು. ಇಂಟರ್ನ್‌ಶಿಪ್‌ಗೆ ಹೋದಾಗ ಕ್ಯಾಟಲಾಗ್ ಕೇಳುವ ಮೊದಲು ಥರ್ಮಾಮೀಟರ್ ಕೇಳೋಣ.