ಜಾಲತಾಣ ಮಾಡಿಸುವ ಸದಸ್ಯರಿಗೆ

ಕಾಫಿಪುಡಿ, ಕಾಳುಮೆಣಸು ಮಾರಲು ಜಾಲತಾಣ ಮಾಡಿಸುವ ಸದಸ್ಯ ಬಾಂಧವರು ಈಚೆಗೆ ಹೆಚ್ಚುತ್ತಿದ್ದಾರೆ. ವರ್ಡ್‌ಪ್ರೆಸ್‌ನ ಸಿದ್ಧ ಥೀಮ್ ತಂದು ತಿದ್ದಿಕೊಡುವುದನ್ನು ನಾವು ಆಕ್ಷೇಪಿಸುವುದಿಲ್ಲ. ಸಣ್ಣ ಬೆಳೆಗಾರನಿಗೆ ಸಿದ್ಧ ಉಡುಪೇ ಸಾಕು. ಆದರೆ ಮೂಲ ಥೀಮಿನ ಕಡತದಲ್ಲೇ ಕೈಯಾಡಿಸಿದರೆ, ಮುಂದಿನ ಪರಿಷ್ಕರಣೆ ಬಂದ ದಿನ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ. ನಮ್ಮ ಸಂಘದ ತಾಣಕ್ಕೇ ಹೀಗಾಯಿತು. ಥೀಮಿನೊಳಗೆ ಬರೆದಿದ್ದ ದರಪಟ್ಟಿ ಕೊಯ್ಲಿನ ನಡುವೆ ಮಾಯ! ಪರಿಷ್ಕರಣೆಯೇ ಬೇಡವೆಂದರೆ ಕಳ್ಳರಿಗೆ ಬಾಗಿಲು ತೆರೆದಿಟ್ಟಂತೆ. ಇದಕ್ಕೆಂದೇ ‘ಚೈಲ್ಡ್ ಥೀಮ್’ ಉಂಟು. ಬದಲಾವಣೆಗಳೆಲ್ಲ ಅದರಲ್ಲಿ, ಮೂಲ ಹಾಗೆಯೇ. ರೊಬಸ್ಟಾ ಬುಡಕ್ಕೆ ಅರೇಬಿಕಾ ಕಸಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಣ ಕೊಡುವ ಮುನ್ನ ಈ ಮಾತನ್ನು ಕೇಳಿಕೊಳ್ಳತಕ್ಕದ್ದು. ಡೊಮೇನ್ ನೋಂದಣಿಯೂ ನಿಮ್ಮ ಹೆಸರಿನಲ್ಲೇ ಆಗಲಿ, ಮಾಡಿಕೊಟ್ಟವರ ಹೆಸರಿನಲ್ಲಲ್ಲ.